ಎರಡು ದಿನದ ಬೆಂಗಳೂರು: ಯಾವ ಹೊತ್ತಿಗೆ ಎಲ್ಲಿರಬೇಕು, ಏನು ತಿನ್ನಬೇಕು

ವರ್ಷಕ್ಕೆ ಐದಾರು ಸಲ ಊರಿಂದ ನೆಂಟರು ನಮ್ಮ ಮನೆಗೆ ಬರುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಪಟ್ಟಿ: ಲಾಲ್‌ಬಾಗ್, ಬನ್ನೇರುಘಟ್ಟ, ಇಸ್ಕಾನ್, ಎಂ.ಜಿ. ರೋಡ್, ವಿದ್ಯಾರ್ಥಿ ಭವನದ ದೋಸೆ, ಎಂಟಿಆರ್ ಊಟ. ಸಂಜೆ ಕಾಲೆಳೆದುಕೊಂಡು ವಾಪಸ್ ಬರುವ ಹೊತ್ತಿಗೆ ನೋಡಿದ್ದು ಎರಡು ಜಾಗ, ತಿಂದದ್ದು ಯಾವುದೋ ಸಿಗ್ನಲ್ ಪಕ್ಕದ ಗೋಬಿ ಮಂಚೂರಿ. ಹೋದ ಸಲ ಚಿಕ್ಕಪ್ಪ ಎಂಟಿಆರ್ ಬಾಗಿಲಿಂದಲೇ ಫೋನ್ ಮಾಡಿದರು. "ಏನೋ ಇದು, ಇಷ್ಟು ದೂರ ಬಂದ್ರೆ ಬಾಗಿಲು ಹಾಕಿದ್ದಾರಲ್ಲೋ?" ಅವತ್ತು ಸೋಮವಾರ. ಹೇಳದೇ ಬಿಟ್ಟ ತಪ್ಪು ನನ್ನದು.

ಪಟ್ಟಿಯಲ್ಲಿ ತಪ್ಪಿಲ್ಲ, ತಪ್ಪಿರುವುದು ಕ್ರಮದಲ್ಲಿ. ಒಂದು ಜಾಗದಿಂದ ಇನ್ನೊಂದಕ್ಕೆ ಊರಡ್ಡ ಓಡಾಡುವುದರಲ್ಲೇ ದಿನ ಮುಗಿದುಹೋಗುತ್ತದೆ. ಹಾಗಾಗಿ ಅರ್ಧ ದಿನಕ್ಕೆ ಒಂದೇ ದಿಕ್ಕು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ. ಕೆಳಗಿನ ಹಂತಗಳು ಸ್ವಂತ ಗಾಡಿ ಇಲ್ಲದೆ ಎರಡು ದಿನಕ್ಕೆಂದು ಬರುವವರಿಗೆ.

ಹೊರಡುವ ಮೊದಲು ಕೈಯಲ್ಲಿರಬೇಕಾದದ್ದು

ನಮ್ಮ ಮೆಟ್ರೋ ಕಾರ್ಡು, ಇಲ್ಲವೆಂದರೆ ವಾಟ್ಸಾಪ್‌ನಲ್ಲೇ ಕ್ಯೂಆರ್ ಟಿಕೆಟ್ ತೆಗೆಯುವ ಅಭ್ಯಾಸ. ಟೋಕನ್ ಸಾಲಿನಲ್ಲಿ ನಿಂತರೆ ಮೆಜೆಸ್ಟಿಕ್‌ನಲ್ಲಿ ಒಂದು ರೈಲು ತಪ್ಪಿತು ಎಂದೇ ಲೆಕ್ಕ. ಹೆಂಗಸರು ಆಧಾರ್ ಜೊತೆಗಿಟ್ಟುಕೊಳ್ಳಲಿ. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಿಗೆ ದುಡ್ಡಿಲ್ಲ, ಎಸಿ ವಜ್ರ ಬಸ್ಸಿಗೆ ಅದು ನಡೆಯುವುದಿಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಒಂದಿಷ್ಟಿರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕಳಿಸಿದ ಜಿಎಸ್‌ಟಿ ನೋಟಿಸಿನ ಗಲಾಟೆ ಎದ್ದಾಗ ಬೇಕರಿ, ಬೀಡಾ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಎಂದು ಬರೆದು ಅಂಟಿಸಿದ್ದನ್ನು ನೋಡಿದವರಿಗೆ ಬರೀ ಫೋನ್ ನಂಬಿ ಬರಲು ಧೈರ್ಯ ಸಾಲದು. ಜೊತೆಗೆ ಒಂದು ಕೊಡೆ, ನಡೆಯಲು ಬರುವ ಚಪ್ಪಲಿ.

1. ಮೊದಲು ವಾರ ನೋಡಿ, ಆಮೇಲೆ ಟಿಕೆಟ್ ಮಾಡಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮಾವಳ್ಳಿಯ ಎಂಟಿಆರ್‌ಗೆ ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಬನ್ನೇರುಘಟ್ಟದ ಪ್ರಾಣಿಗಳಿಗೆ ಮಂಗಳವಾರ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ನೆಹರೂ ತಾರಾಲಯ, ಜೆ.ಪಿ. ನಗರದ ರಂಗಶಂಕರ ಎಲ್ಲವೂ ಸೋಮವಾರ ಬಂದ್.

ಅಂದರೆ ವಾರದ ನಡುವೆ ಎಲ್ಲವೂ ತೆರೆದಿರುವುದು ಬುಧವಾರ, ಗುರುವಾರ. ರಜೆ ಸಿಗುವುದೇ ವಾರಾಂತ್ಯದಲ್ಲಿ ಎನ್ನುವವರು ಶನಿವಾರ ಬಸವನಗುಡಿ, ಭಾನುವಾರ ಕಬ್ಬನ್ ಪಾರ್ಕ್ ಇಟ್ಟುಕೊಳ್ಳಿ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳು ರಸ್ತೆ ನಡುವೆಯೇ ಸೈಕಲ್ ಹೊಡೆಯಬಹುದು. ಆದರೆ ಅವತ್ತು ಮೊದಲ ಮೆಟ್ರೋ ಹೊರಡುವುದೇ 7ಕ್ಕೆ, ಬೇರೆ ದಿನಗಳ ಹಾಗೆ 5ರ ಹೊತ್ತಿಗಲ್ಲ.

ಅಪಾಯದ ಸೂಚನೆ: ನಿಮ್ಮ ಪಟ್ಟಿಯಲ್ಲಿ ಒಂದೇ ದಿನಕ್ಕೆ ಬನ್ನೇರುಘಟ್ಟವೂ ನಂದಿಬೆಟ್ಟವೂ ಇದ್ದರೆ ಅದನ್ನು ಹರಿದುಹಾಕಿ. ಒಂದು ಊರಿನ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ಎರಡೇ ದಿನ ಇರುವವರು ಎರಡನ್ನೂ ಬಿಟ್ಟುಬಿಡುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

2. ಎಲ್ಲಿ ಇಳಿಯಬೇಕು ಎಂದು ಮೊದಲೇ ಗೊತ್ತಿರಲಿ

ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಹಾಸನದ ಕಡೆಯ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಊರೊಳಗೆ ಬರುತ್ತವೆ. ಬೆಳಿಗ್ಗೆ ಏಳೂವರೆಯಾದ ಮೇಲೆ ಗೊರಗುಂಟೆಪಾಳ್ಯದಿಂದ ಮೆಜೆಸ್ಟಿಕ್‌ವರೆಗೆ ಸೀಟಿನಲ್ಲೇ ಕುಳಿತು ಬೆವರುವ ಬದಲು ದಾಸರಹಳ್ಳಿ ಅಥವಾ ಜಾಲಹಳ್ಳಿಯಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿ. ಮೈಸೂರು ಕಡೆಯಿಂದ ಬರುವವರು ಕೆಂಗೇರಿಯಲ್ಲಿ ಇಳಿದರೆ ನೇರಳೆ ಮಾರ್ಗ ಸಿಗುತ್ತದೆ. ಹಿಂದಿನ ರಾತ್ರಿಯೇ ಕಂಡಕ್ಟರ್‌ಗೆ "ಸರ್, ಜಾಲಹಳ್ಳಿ ಮೆಟ್ರೋ ಹತ್ರ ಎಬ್ಬಿಸಿ" ಎಂದು ಹೇಳಿ ಮಲಗಿ.

ರೈಲಿನವರು ಟಿಕೆಟ್ ಮೇಲಿನ ನಿಲ್ದಾಣದ ಹೆಸರನ್ನು ಎರಡು ಸಲ ಓದಿಕೊಳ್ಳಬೇಕು. ಕೆಎಸ್‌ಆರ್ ಎಂದರೆ ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಎದುರಿಗೇ ಮೆಟ್ರೋ. ಯಶವಂತಪುರದಲ್ಲೂ ಮೆಟ್ರೋ ಪಕ್ಕದಲ್ಲೇ ಇದೆ. ಎಸ್‌ಎಂವಿಟಿ ಎಂದಿದ್ದರೆ ಮಾತ್ರ ಹುಷಾರು. ಅದು ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್. ಬೈಯಪ್ಪನಹಳ್ಳಿ ಮೆಟ್ರೋ ಎಂಬ ನಿಲ್ದಾಣವೂ ಇದೆ ಎಂದು ನಂಬಿ ಪೆಟ್ಟಿಗೆ ಎಳೆದುಕೊಂಡು ನಡೆಯಲು ಹೊರಟವರನ್ನು ನಾನೇ ಕಂಡಿದ್ದೇನೆ. ಎರಡರ ನಡುವೆ ನಡೆಯುವಷ್ಟು ದಾರಿಯಲ್ಲ, ಬಸ್ಸೋ ಆಟೊವೋ ಹಿಡಿಯಿರಿ.

ಇನ್ನೊಂದು ಗೊಂದಲ ಕೆಂಪೇಗೌಡರ ಹೆಸರಿನದು. ವಿಮಾನ ನಿಲ್ದಾಣವೂ ಕೆಂಪೇಗೌಡ, ಮೆಜೆಸ್ಟಿಕ್ ಬಸ್ ನಿಲ್ದಾಣವೂ ಕೆಂಪೇಗೌಡ, ಅಲ್ಲಿನ ಮೆಟ್ರೋ ನಿಲ್ದಾಣವೂ ನಾಡಪ್ರಭು ಕೆಂಪೇಗೌಡ. ಆ್ಯಪಿನಲ್ಲಿ ಬರೀ "ಕೆಂಪೇಗೌಡ" ಎಂದು ಹಾಕಿ ಮೊದಲು ಬಂದದ್ದನ್ನು ಒತ್ತಿದರೆ ಕ್ಯಾಬು ದೇವನಹಳ್ಳಿಯತ್ತ ತಿರುಗೀತು. ಊರೊಳಗಿನ ಎಲ್ಲರ ಬಾಯಲ್ಲೂ ಅದು ಮೆಜೆಸ್ಟಿಕ್ಕೇ. ನೀವೂ ಹಾಗೇ ಹೇಳಿ, ಹಾಗೇ ಟೈಪ್ ಮಾಡಿ.

3. ಮೆಟ್ರೋಗೆ ಹತ್ತು ನಿಮಿಷದ ನಡಿಗೆಯಲ್ಲಿ ಉಳಿಯಿರಿ

ಗಾಂಧಿನಗರ, ಬಸವನಗುಡಿ, ಜಯನಗರ, ಮಲ್ಲೇಶ್ವರ, ಯಾವುದಾದರೂ ಸರಿ. ನಾಲ್ಕೂ ಹಸಿರು ಮಾರ್ಗಕ್ಕೆ ಹತ್ತಿರ. ಇನ್ನೂರು ಮುನ್ನೂರು ಉಳಿಯುತ್ತದೆಂದು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ರೂಮು ಹಿಡಿಯಬೇಡಿ. ಮೆಟ್ರೋ ಅಲ್ಲಿಗೂ ಹೋಗುತ್ತದೆ ನಿಜ, ಆದರೆ ಹಳೆ ಊರಿಗೆ ಬಂದು ಹೋಗುವುದರಲ್ಲೇ ದಿನದ ಎರಡು ಮೂರು ಗಂಟೆ ಕರಗುತ್ತದೆ.

ರೂಮು ಗೊತ್ತು ಮಾಡುವಾಗ "ಬೆಳಗಿನ ತಿಂಡಿ ಉಚಿತ" ಎಂಬುದಕ್ಕೆ ಮರುಳಾಗಬೇಡಿ. ಈ ಊರಿನ ಒಳ್ಳೆಯ ತಿಂಡಿಗೆ ಲಾಡ್ಜಿನ ಪುಕ್ಕಟೆ ಉಪ್ಪಿಟ್ಟಿನಷ್ಟು ದೊಡ್ಡ ಶತ್ರು ಇನ್ನಿಲ್ಲ. ದುಡ್ಡು ಕೊಟ್ಟಿದ್ದೇವಲ್ಲ ಎಂದು ಎಂಟೂವರೆವರೆಗೆ ಕಾದು, ತಣ್ಣಗಿನ ವಡೆ ತಿಂದು ಹೊರಬೀಳುವ ಹೊತ್ತಿಗೆ ಹೊಟ್ಟೆಯೂ ಭರ್ತಿ, ಹೊತ್ತೂ ಏರಿರುತ್ತದೆ.

4. ಮೊದಲ ಬೆಳಿಗ್ಗೆ: ಬಸವನಗುಡಿ

ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ. ಇಲ್ಲಿಂದ ಮುಂದಿನದೆಲ್ಲ ಕಾಲ್ನಡಿಗೆ. ಏಳು ಗಂಟೆಯೊಳಗೆ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ಇದ್ದರೆ ಅರ್ಧ ಗೆದ್ದ ಹಾಗೆ.

ಇದು 1965ರಿಂದ ಇರುವ ಪುಟ್ಟ ಅಂಗಡಿ. ಕೂರಲು ಮೇಜಿಲ್ಲ, ಫುಟ್‌ಪಾತಿನಲ್ಲಿ ನಿಂತೇ ತಿನ್ನಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಮುಗಿಯಿತು ಪಟ್ಟಿ. "ಸಾಂಬಾರ್ ಕೊಡಿ" ಎಂದು ಕೇಳುವವರೆಲ್ಲ ಹೊಸಬರು, ಇಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಆ ಚಟ್ನಿ ನೀರುನೀರಾಗಿ ಹಸಿರಾಗಿರುತ್ತದೆ, ಇಡ್ಲಿ ಮುಳುಗುವಷ್ಟು ಸುರಿಯುತ್ತಾರೆ. ತಟ್ಟೆ ಹಿಡಿದು ಮತ್ತೆ ಹೋದರೆ ಮುಖ ನೋಡದೆ ಮತ್ತೆ ಸುರಿಯುತ್ತಾರೆ. ಎಡಗೈಯಲ್ಲಿ ತಟ್ಟೆಯನ್ನು ತುಸು ಓರೆ ಹಿಡಿಯಿರಿ, ಚಟ್ನಿ ಒಂದು ಮೂಲೆಗೆ ಸೇರಿ ವಡೆ ಗರಿಗರಿಯಾಗೇ ಉಳಿಯುತ್ತದೆ.

ಇಲ್ಲಿ ಮಾಡುವ ತಪ್ಪು ಹೊಟ್ಟೆ ತುಂಬಿಸಿಕೊಳ್ಳುವುದು. ಇಬ್ಬರಿಗೆ ಒಂದು ಪ್ಲೇಟ್ ಇಡ್ಲಿ-ವಡೆ, ಒಂದು ಬೈ-ಟು ಕಾಫಿ ಸಾಕು. ದೋಸೆ ಇನ್ನೂ ಬಾಕಿ ಇದೆ.

ಅಲ್ಲಿಂದ ನಡೆದು ದೊಡ್ಡ ಬಸವಣ್ಣ, ದೊಡ್ಡ ಗಣಪತಿ, ಪಕ್ಕದ ಬ್ಯೂಗಲ್ ರಾಕ್ ನೋಡಿಕೊಳ್ಳಿ. ಕಾರ್ತಿಕದ ಕೊನೆ ಸೋಮವಾರದ ಕಡಲೆಕಾಯಿ ಪರಿಷೆಯ ಆಸುಪಾಸಿನಲ್ಲಿ ಬಂದರೆ ಇಡೀ ಬೆಳಿಗ್ಗೆ ಇಲ್ಲೇ ಕಳೆಯುತ್ತದೆ, ಬೇರೇನೂ ಇಟ್ಟುಕೊಳ್ಳಬೇಡಿ. ಉಳಿದ ದಿನ ಮುಕ್ಕಾಲು ಗಂಟೆ ಸಾಕು.

ಎಂಟೂವರೆಗೆ ವಿದ್ಯಾರ್ಥಿ ಭವನ. ಬಾಗಿಲಲ್ಲಿ ಹೆಸರು, ಎಷ್ಟು ಜನ ಎಂದು ಬರೆಸಿ, ಕರೆಯುವವರೆಗೆ ಆಚೆ ಈಚೆ ಹೋಗದೆ ನಿಲ್ಲಿ. ಕರೆದಾಗ ಇಲ್ಲದಿದ್ದರೆ ಮುಂದಿನವರು ಒಳಗೆ. ನಾಲ್ವರ ಮೇಜಿಗೆ ಇಬ್ಬರೇ ಬಂದಿದ್ದರೆ ಗುರುತಿಲ್ಲದವರ ಎದುರು ಕೂರಬೇಕಾಗುತ್ತದೆ, ಅದಕ್ಕೆ ಮುಖ ಸಿಂಡರಿಸಬೇಡಿ. ತಲೆ ಎತ್ತಿ ನೋಡಬೇಕಾದದ್ದು ಸಪ್ಲೈಯರ್ ಬರುವಾಗ. ಒಂದೇ ತೋಳಿನ ಮೇಲೆ ಮುಂಗೈಯಿಂದ ಭುಜದವರೆಗೆ ದೋಸೆ ತಟ್ಟೆಗಳ ಗೋಪುರ, ಇನ್ನೊಂದು ಕೈಯಲ್ಲಿ ಒಂದೊಂದನ್ನೇ ಇಸ್ಪೀಟ್ ಎಲೆ ಹಂಚುವ ಹಾಗೆ ಮೇಜಿಗೆ ಜಾರಿಸುತ್ತಾರೆ. ಫೋಟೊ ತೆಗೆಯಲು ಅವರ ದಾರಿಗೆ ಅಡ್ಡ ಹೋಗಬೇಡಿ.

ಬೆಳಗಿನ ತಿಂಡಿ ಮುಗಿದ ಮೇಲೆ ಮಧ್ಯಾಹ್ನದವರೆಗೆ ಬಾಗಿಲು ಹಾಕಿರುತ್ತದೆ. ಹನ್ನೆರಡೂವರೆಗೆ "ಊಟದ ಬದಲು ದೋಸೆ" ಎಂದು ಬಂದವರು ಖಾಲಿ ಹೊಟ್ಟೆಯಲ್ಲಿ ಹಿಂದಿರುಗಬೇಕಾಗುತ್ತದೆ.

5. ಹತ್ತರಿಂದ ಹನ್ನೆರಡೂವರೆ: ಲಾಲ್‌ಬಾಗ್, ಹಿಂಬಾಗಿಲಿಂದ ಮುಂಬಾಗಿಲಿಗೆ

ಮೆಟ್ರೋದಲ್ಲಿ ಒಂದೇ ನಿಲ್ದಾಣ ಮುಂದೆ ಲಾಲ್‌ಬಾಗ್. ನಿಲ್ದಾಣಕ್ಕೆ ಹತ್ತಿರವಿರುವುದು ಪಶ್ಚಿಮ ದ್ವಾರ. ಅಲ್ಲಿಂದ ಹೊಕ್ಕು, ಕೆರೆ, ಗಾಜಿನ ಮನೆ, ಬಂಡೆ ನೋಡಿಕೊಂಡು ಡಬಲ್ ರೋಡ್ ಕಡೆಯ ದೊಡ್ಡ ಬಾಗಿಲಲ್ಲಿ ಹೊರಬನ್ನಿ. ಬಂದ ದಾರಿಯಲ್ಲೇ ವಾಪಸ್ ಬರುವುದು ದಂಡ. 240 ಎಕರೆ ತೋಟ ಇದು, ಕಾಲು ಮಾತಾಡಿಸುತ್ತದೆ. ಬಂಡೆಯನ್ನು ಬರೀ ಸೆಲ್ಫಿಗೆ ಹತ್ತಬೇಡಿ, ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ಕೂತಿದ್ದೇವೆ ಎಂದು ಮಕ್ಕಳಿಗೆ ಹೇಳಿ.

ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ, ಅದರಲ್ಲೂ ಶನಿವಾರ ಭಾನುವಾರ, ತೋಟ ನೋಡುತ್ತೇನೆ ಎಂಬ ಆಸೆ ಬಿಡಿ. ಕಾಣುವುದು ಮುಂದಿನವರ ಬೆನ್ನು.

ದೊಡ್ಡ ಬಾಗಿಲಿಂದ ಎಂಟಿಆರ್‌ಗೆ ನಡೆದೇ ಹೋಗಬಹುದು. ಇಲ್ಲಿ ನನ್ನ ಸಲಹೆ ಕಠಿಣ: ಬೆಳಿಗ್ಗೆ ದೋಸೆ ತಿಂದ ದಿನ ಎಂಟಿಆರ್ ಊಟ ಬೇಡ. ಅದು ಒಂದಾದ ಮೇಲೊಂದು ಬರುತ್ತಲೇ ಇರುವ ಊಟ, ಹಸಿದು ಹೋಗದಿದ್ದರೆ ಬಿಸಿಬೇಳೆಬಾತ್ ಹೊತ್ತಿಗೇ ಕೈ ಎತ್ತುತ್ತೀರಿ. ಊಟವೇ ಬೇಕೆಂದರೆ ವಿದ್ಯಾರ್ಥಿ ಭವನವನ್ನು ಇನ್ನೊಂದು ದಿನಕ್ಕೆ ತಳ್ಳಿ. ಅಥವಾ ಎಂಟಿಆರ್‌ಗೆ ಬೆಳಿಗ್ಗೆಯೇ ಹೋಗಿ ರವೆ ಇಡ್ಲಿ ತಿನ್ನಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ಅವರ ಅಡುಗೆಮನೆಯಲ್ಲೇ ಹುಟ್ಟಿದ ತಿಂಡಿಯದು. ಹನ್ನೊಂದರಿಂದ ಹನ್ನೆರಡೂವರೆ ನಡುವೆ ಮಾತ್ರ ಹೋಗಬೇಡಿ. ಆಗ ತಿಂಡಿ ಮುಗಿದಿರುತ್ತದೆ, ಊಟ ಶುರುವಾಗಿರುವುದಿಲ್ಲ.

ಮಾಂಸಾಹಾರಿಗಳು ಮಧ್ಯಾಹ್ನಕ್ಕೆ ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್‌ನಂಥ ಜಾಗಕ್ಕೆ ಹೋಗಿ. ದೊನ್ನೆ ಬಿರಿಯಾನಿಗೆ ರಾತ್ರಿ ಹೋಗುವುದು ಹೊಸಬರ ತಪ್ಪು. ಮಿಲಿಟರಿ ಹೋಟೆಲುಗಳ ಜೋರೆಲ್ಲ ಮಧ್ಯಾಹ್ನವೇ, ಮೂರರ ಹೊತ್ತಿಗೆ ಒಂದೊಂದೇ ಐಟಂ "ಖಾಲಿ ಸಾರ್" ಆಗುತ್ತಾ ಬರುತ್ತದೆ. ಮುದ್ದೆ ಮೊದಲ ಸಲ ತಿನ್ನುವ ಉತ್ತರ ಕರ್ನಾಟಕದ ಗೆಳೆಯರೇ, ಅಗಿಯಬೇಡಿ. ಸಣ್ಣ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿ.

6. ಬಿಸಿಲು ಇಳಿಯುವವರೆಗೆ ಸೂರಿನಡಿ ಇರಿ

ಎರಡರಿಂದ ಐದರವರೆಗೆ ರೂಮಿಗೆ ಹೋಗಿ ಒಂದು ನಿದ್ದೆ ತೆಗೆದರೂ ತಪ್ಪಿಲ್ಲ. ಮಕ್ಕಳಿದ್ದರೆ ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂಗೆ ಕರೆದೊಯ್ಯಿರಿ. ಅಲ್ಲಿನ ಗುಂಡಿಗಳನ್ನೆಲ್ಲ ಒತ್ತಬಹುದು, ಬೈಯುವವರಿಲ್ಲ. ಪುಸ್ತಕದವರು ಒಂದು ನಿಲ್ದಾಣ ಮುಂದೆ ಎಂ.ಜಿ. ರೋಡಿನಲ್ಲಿ ಇಳಿದು ಚರ್ಚ್ ಸ್ಟ್ರೀಟಿಗೆ. ಬ್ಲಾಸಮ್, ಬುಕ್‌ವರ್ಮ್ ಎರಡೂ ಅಲ್ಲೇ, ಸುಸ್ತಾದರೆ ಕೂರಲು ಇಂಡಿಯನ್ ಕಾಫಿ ಹೌಸ್.

ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಆಗಿದ್ದರೆ ನಾಲ್ಕರ ಹೊತ್ತಿಗೆ ಒಮ್ಮೆ ಆಕಾಶ ನೋಡಿ. ಕಪ್ಪಾಗಿ ತಂಪು ಗಾಳಿ ಎದ್ದಿತೆಂದರೆ ಮೆಟ್ರೋ ನಿಲ್ದಾಣದ ಹತ್ತಿರ ಸರಿದುಬಿಡಿ. ಮೊದಲ ಹನಿ ಬಿದ್ದ ಹತ್ತೇ ನಿಮಿಷದಲ್ಲಿ ಆ್ಯಪಿನ ದರ ಏರುತ್ತದೆ, ಆಟೊಗಳು ಮಾಯವಾಗುತ್ತವೆ.

7. ಸಂಜೆ: ತಿಂಡಿ ಬೀದಿಯೋ, ನಾಟಕವೋ

ವಿ.ವಿ. ಪುರಂನ ತಿಂಡಿ ಬೀದಿಗೂ ನ್ಯಾಷನಲ್ ಕಾಲೇಜು ನಿಲ್ದಾಣವೇ. ಸಜ್ಜನ್ ರಾವ್ ಸರ್ಕಲ್ ಪಕ್ಕದ ಈ ಬೀದಿಗೆ ಆರರ ಮೇಲೆ ಕಳೆ ಬರುತ್ತದೆ. ಮೊದಲು ಬೀದಿಯ ಆ ತುದಿವರೆಗೆ ಕೈಕಟ್ಟಿಕೊಂಡು ಒಂದು ಸುತ್ತು ಹೋಗಿ ಬನ್ನಿ, ತಿನ್ನುವುದು ವಾಪಸ್ ಬರುವಾಗ. ಮೊದಲ ಅಂಗಡಿಯಲ್ಲೇ ಮಸಾಲೆ ದೋಸೆ ತಿಂದವರಿಗೆ ಹೋಳಿಗೆಗೆ ಜಾಗ ಇರುವುದಿಲ್ಲ. ಚಳಿಗಾಲದಲ್ಲಿ ಬಂದರೆ ಬೇರೆಲ್ಲ ಬಿಟ್ಟು ಅವರೆಕಾಯಿಯದ್ದೇ ತಿನ್ನಿ. ಹಂಚು ಆಗಾಗ ಒರೆಸುತ್ತಿದ್ದಾರೆಯೇ, ಹಿಟ್ಟು ಮುಚ್ಚಿಟ್ಟಿದ್ದಾರೆಯೇ, ಊರಿನ ಮನೆಮಂದಿ ನಿಂತಿದ್ದಾರೆಯೇ ಎಂದು ನೋಡಿಕೊಳ್ಳಿ. ಮೂರೂ ಇಲ್ಲದ ಅಂಗಡಿಯವರು "ಬನ್ನಿ ಬನ್ನಿ" ಎಂದು ಎಷ್ಟೇ ಕರೆದರೂ ಮುಂದೆ ಹೋಗಿ.

ರಂಗಶಂಕರದಲ್ಲಿ ನಾಟಕವಿದ್ದರೆ ನಾನಂತೂ ಅದನ್ನೇ ಆರಿಸುತ್ತೇನೆ. ಒಂದೇ ಎಚ್ಚರ: ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. "ದೂರದಿಂದ ಬಂದಿದ್ದೀವಿ ಸಾರ್" ನಡೆಯುವುದಿಲ್ಲ. ಅರ್ಧ ಗಂಟೆ ಮೊದಲೇ ತಲುಪಿ ಅಲ್ಲಿನ ಕೆಫೆಯಲ್ಲೇ ಏನಾದರೂ ತಿನ್ನಿ.

8. ಎರಡನೇ ದಿನ: ಮಾರ್ಕೆಟ್, ಆಮೇಲೆ ಮಲ್ಲೇಶ್ವರ

ಬೆಳಿಗ್ಗೆ ಆರಕ್ಕೆ ಕೆ.ಆರ್. ಮಾರ್ಕೆಟ್. ಹೂವಿನ ವ್ಯಾಪಾರ ನೋಡಲು ಅದೇ ಹೊತ್ತು, ಒಂಬತ್ತರ ಮೇಲೆ ಕೆಸರು, ನೂಕುನುಗ್ಗಲು. ಬಿಳಿ ಚಪ್ಪಲಿ ಬೇಡ, ಪರ್ಸು ಮುಂಜೇಬಿನಲ್ಲಿರಲಿ, ಮೂಟೆ ಹೊತ್ತವರು "ಸೈಡು, ಸೈಡು" ಎಂದರೆ ತಕ್ಷಣ ಸರಿಯಿರಿ. ಹತ್ತಿರದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಅದರ ಮಗ್ಗುಲಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ.

ಅದೇ ಹಸಿರು ಮಾರ್ಗದಲ್ಲಿ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬನ್ನಿ, ಮೆಜೆಸ್ಟಿಕ್‌ನಲ್ಲಿ ಬದಲಿಸುವ ಗೋಜಿಲ್ಲ. ಮಾರ್ಗೋಸಾ ರಸ್ತೆಯ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ, ಅಥವಾ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ. ಎರಡೂ ಹಳೆಯವು, ಎರಡರ ಮುಂದೆಯೂ ಜನ. ನನಗೆ ಕಾಯುವ ತಾಳ್ಮೆ ಇಲ್ಲದ ದಿನ ವೀಣಾ ಸ್ಟೋರ್ಸ್. ಆಮೇಲೆ ಕಾಡು ಮಲ್ಲೇಶ್ವರ, ಎದುರಿನ ದಕ್ಷಿಣಮುಖ ನಂದಿ ತೀರ್ಥ, ಎಂಟನೇ ಕ್ರಾಸಿನಲ್ಲಿ ಅಂಗಡಿ ಸುತ್ತಾಟ.

9. ಆಟೊ ಹತ್ತುವ ಮುನ್ನ

2025ರ ಆಗಸ್ಟ್ 1ರಿಂದ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಐದು ಕಿಲೋಮೀಟರಿಗೆ 90 ಆಯಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ಈ ಲೆಕ್ಕ ಬಾಯಲ್ಲಿದ್ದರೆ ಚೌಕಾಸಿ ಸುಲಭ. "ಅಣ್ಣ, ಮೀಟರ್ ಹಾಕ್ತೀರಾ?" ಎಂದು ಕೇಳಿ. ಮೇಲೆ ಇಪ್ಪತ್ತು ಮೂವತ್ತು ಕೇಳಿದರೆ, ಅವಸರವಿದ್ದರೆ ಕೊಡಿ. ಮೂರು ಪಟ್ಟು ಹೇಳಿದರೆ ವಾದ ಮಾಡದೆ ಮುಂದಿನ ಆಟೊ ನೋಡಿ.

"ಆ ಹೋಟೆಲ್ ಇವತ್ತು ಕ್ಲೋಸು, ನಾನು ಒಳ್ಳೇ ಜಾಗಕ್ಕೆ ಕರ್ಕೊಂಡು ಹೋಗ್ತೀನಿ" ಎಂಬ ಮಾತು ಬಂದರೆ ಮೊದಲು ಫೋನಿನಲ್ಲಿ ನೋಡಿಕೊಳ್ಳಿ. ನಾನೇ ಹೊಸದಾಗಿ ಬಂದ ವರ್ಷ ಇಂಥ ಮಾತು ನಂಬಿ ತಲುಪಿದ್ದು ಒಂದು ಸೀರೆ ಅಂಗಡಿಗೆ, ಅದೂ ಹಸಿದ ಹೊಟ್ಟೆಯಲ್ಲಿ.

10. ಹೊರಡುವ ದಿನ

ಚೀಲವನ್ನು ಕ್ಲೋಕ್‌ರೂಮಿನಲ್ಲಿ ಅಥವಾ ಲಾಡ್ಜಿನಲ್ಲೇ ಇಟ್ಟು ತಿರುಗಿ. ದೊಡ್ಡ ಪೆಟ್ಟಿಗೆಗೆ ಮೆಟ್ರೋದಲ್ಲಿ ಬೇರೆ ಟಿಕೆಟ್ ಕೇಳುತ್ತಾರೆ. ವಿಮಾನಕ್ಕೆ ಹೋಗುವವರಿಗೆ ಮೆಜೆಸ್ಟಿಕ್‌ನಿಂದ ಕೆಐಎ-9 ವಾಯುವಜ್ರ ಬಸ್ಸು ಇದೆ. ಸಂಜೆಯ ವಿಮಾನವಾದರೆ ನಿಮಗೆ ಅನಿಸಿದ್ದಕ್ಕಿಂತ ಒಂದು ಗಂಟೆ ಮುಂಚೆ ಹತ್ತಿ.

ಊರಿಗೆ ಒಯ್ಯಲು ವಿ.ವಿ. ಪುರಂನ ವಿ.ಬಿ. ಬೇಕರಿಯಲ್ಲಿ ಕಾಂಗ್ರೆಸ್ ಕಡ್ಲೆಕಾಯಿ ಕಟ್ಟಿಸಿ. ಕಾಫಿಪುಡಿಯನ್ನು ಪ್ಯಾಕೆಟ್ಟಿನದು ಕೊಳ್ಳಬೇಡಿ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಬೀಜ ಹುರಿಯುವ ವಾಸನೆ ಬರುವ ಅಂಗಡಿಗೆ ಹೋಗಿ "ಎಂಬತ್ತು-ಇಪ್ಪತ್ತು, ಫಿಲ್ಟರಿಗೆ" ಎನ್ನಿ. ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಕಣ್ಣೆದುರೇ ಪುಡಿ ಮಾಡಿ ಕೊಡುತ್ತಾರೆ, ಪೊಟ್ಟಣ ಇನ್ನೂ ಬೆಚ್ಚಗಿರುತ್ತದೆ. ಅದನ್ನು ಬಟ್ಟೆಯ ಚೀಲದಲ್ಲಿ ಇಡಬೇಡಿ, ರಾತ್ರಿ ಬಸ್ಸಿಳಿಯುವ ಹೊತ್ತಿಗೆ ಅಂಗಿಗೆಲ್ಲ ಅದೇ ವಾಸನೆ.